ಕತ್ತು, ತಲೆ ಒತ್ತಿಸಿಕೊಂಡರೆ ಮಿದುಳಿನ ಚಟುವಟಿಕೆ ಹೆಚ್ಚುತ್ತದೆಯೇ? ಅಪ್ಪನಿಗೆ ಎಂಸಿಐ ಎಂದಿದ್ದಾರೆ

ಕಿರಿಮಗಳು

ಅಪ್ಪನಿಗೆ 71 ವರ್ಷ. ಎಂಟು ತಿಂಗಳ ಹಿಂದೆ ನರರೋಗ ತಜ್ಞರು ಎಂಸಿಐ ಎಂದರು. ಸೌಮ್ಯ ಅರಿವಿನ ದೌರ್ಬಲ್ಯವಂತೆ. ಮರೆಗುಳಿ ಕಾಯಿಲೆಯಲ್ಲ, ವಯಸ್ಸಿಗೆ ಸಹಜವಾದ ಮರೆವೂ ಅಲ್ಲ, ಎರಡರ ನಡುವಿನ ಹೊಸ್ತಿಲು ಎಂದು ವಿವರಿಸಿದರು. ಬ್ಯಾಂಕಿನ ಕೆಲಸ, ಓಡಾಟ ಎಲ್ಲವನ್ನೂ ಅಪ್ಪ ಈಗಲೂ ತಾವೇ ನೋಡಿಕೊಳ್ಳುತ್ತಾರೆ. ಆದರೆ ಬೆಳಿಗ್ಗೆ ಫೋನಿನಲ್ಲಿ ತಾವೇ ಆಡಿದ ಮಾತನ್ನು ಸಂಜೆ ಹೇಳಿದರೆ ಹೊಸ ಸುದ್ದಿಯಂತೆ ಕೇಳುತ್ತಾರೆ. ನೆನಪು, ಗಮನ ಅಳೆಯುವ ಮೋಕಾ ಪರೀಕ್ಷೆಯಲ್ಲಿ 30ಕ್ಕೆ 23 ಬಂದಿತ್ತು.

ಪರಿಚಯದವರ ಮಾತು ಕೇಳಿ ಒಂದು ಕೈಚಿಕಿತ್ಸೆಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಕತ್ತು, ತಲೆ, ಭುಜ, ಬೆನ್ನು ಒತ್ತಿ ನೀವುತ್ತಾರೆ. ಮೊದಲ ದಿನ ತಲೆಗೆ ಒಂದು ಟೋಪಿ ಹಾಕಿ ಏನೋ ಅಳೆದರು, ಚಿಕಿತ್ಸೆ ಮುಗಿದ ಮೇಲೆ ಮತ್ತೆ ಅಳೆದರು. ಕೊನೆಗೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರು. ಮೊದಲನೆಯದು ಬಹುತೇಕ ನೀಲಿ, ಎರಡನೆಯದರಲ್ಲಿ ಅಲ್ಲಲ್ಲಿ ಕೆಂಪು. "ನೋಡಿ, ಮಲಗಿದ್ದ ಮಿದುಳು ಎದ್ದಿದೆ" ಎಂದರು. 24 ಸಲ ಬರಬೇಕಂತೆ.

ಅಣ್ಣ ಇದು ಶುದ್ಧ ವಂಚನೆ ಎನ್ನುತ್ತಾನೆ. ಅಪ್ಪನಿಗೋ ಬಹಳ ಇಷ್ಟವಾಗಿದೆ, ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು. ಆ ಕೆಂಪು ಬಣ್ಣ ನಿಜವೇ? ತಿಳಿದವರು ಹೇಳಿ.

ಸಂಶಯಾತ್ಮ

ನಿಮ್ಮ ಅಣ್ಣ ಸರಿ. ಬಣ್ಣದ ಚಿತ್ರ ತೋರಿಸಿ 24 ಸಲದ ಲೆಕ್ಕ ಹೇಳುವವರು ಚಿಕಿತ್ಸಕರಲ್ಲ, ಮಾರಾಟಗಾರರು.

ಅಲೆಲೆಕ್ಕ

19 ವರ್ಷಗಳಿಂದ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ತಂತ್ರಜ್ಞ ನಾನು. ತೀರ್ಪು ಕೊಡುವ ಮೊದಲು ಎರಡು ಪ್ರಶ್ನೆ. ಟೋಪಿ ಹಾಕುವಾಗ ಕೂದಲಿಗೆ ಜೆಲ್ ಹಚ್ಚಿದರೇ? ಅಳೆಯುವಾಗ ನಿಮ್ಮ ತಂದೆಯವರ ಕಣ್ಣು ತೆರೆದಿತ್ತೇ, ಮುಚ್ಚಿತ್ತೇ?

ಕಿರಿಮಗಳು

ಜೆಲ್ ಹಚ್ಚಿದ್ದರು, ಮನೆಗೆ ಬಂದು ತಲೆ ತೊಳೆಯಬೇಕಾಯಿತು. ಮೊದಲ ಸಲ ಕುರ್ಚಿಯಲ್ಲಿ ಕುಳಿತಿದ್ದರು. ಗಾಬರಿಯಲ್ಲಿ ಸುತ್ತಮುತ್ತ ನೋಡುತ್ತಿದ್ದರು. ಎರಡನೆಯ ಸಲ ಮೇಜಿನ ಮೇಲೆಯೇ ಮಲಗಿಸಿಕೊಂಡು ಅಳೆದರು. ಕಣ್ಣು ಮುಚ್ಚಿತ್ತು, ಅರೆನಿದ್ದೆಯೇ ಇರಬೇಕು.

ಅಲೆಲೆಕ್ಕ

ಅಂದರೆ ಅದು ಇಇಜಿ. ನೀವು ಕೊಟ್ಟ ವಿವರದಲ್ಲೇ ಅರ್ಧ ಉತ್ತರ ಇದೆ.

ಮನುಷ್ಯರ ಮಿದುಳಿನ ವಿದ್ಯುತ್ತನ್ನು ಮೊದಲು ದಾಖಲಿಸಿದವರು ಜರ್ಮನಿಯ ಹಾನ್ಸ್ ಬರ್ಗರ್. 1924ರಲ್ಲಿ ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿದರೆ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಆಲ್ಫಾ ಅಲೆ ತಲೆಯ ಹಿಂಭಾಗದಲ್ಲಿ ಉಬ್ಬಿ ಬರುತ್ತದೆ, ಕಣ್ಣು ತೆರೆದರೆ ತಗ್ಗುತ್ತದೆ. ಇದನ್ನು ಅವರೇ ಆಗ ಗುರುತಿಸಿದ್ದರು. ಇಇಜಿ ಕಲಿಯಲು ಬರುವ ಹುಡುಗರಿಗೆ ನಾನು ಮೊದಲ ದಿನ ತೋರಿಸುವುದೂ ಇದನ್ನೇ. ನಿಮ್ಮ ತಂದೆಯವರ ಮೊದಲ ಚಿತ್ರ ಕಣ್ಣು ತೆರೆದು, ಗಾಬರಿಯಲ್ಲಿ, ಕುಳಿತು. ಎರಡನೆಯದು ಕಣ್ಣು ಮುಚ್ಚಿ, ಸಡಿಲವಾಗಿ, ಮಲಗಿ. ನಡುವೆ ಯಾರೂ ಮುಟ್ಟದೆ ಅರ್ಧ ಗಂಟೆ ಸುಮ್ಮನೆ ಬಿಟ್ಟಿದ್ದರೂ ಆ ಎರಡು ಚಿತ್ರಗಳು ಒಂದೇ ಆಗುತ್ತಿರಲಿಲ್ಲ.

ಇನ್ನೊಂದು ಸಂಗತಿ ನಮ್ಮ ಕಸುಬಿನವರಿಗೆ ತಲೆನೋವು. ಹಣೆ, ದವಡೆ, ಕತ್ತಿನ ಸ್ನಾಯುಗಳು ಬಿಗಿಯಾದಾಗ ಅವುಗಳಿಂದಲೂ ವಿದ್ಯುತ್ ಹೊರಡುತ್ತದೆ. ಮಿದುಳಿನದಕ್ಕಿಂತ ಅದು ಎಷ್ಟೋ ಜೋರು. ಬೀಟಾ ಎಂದು ಕರೆಯುವ ವೇಗದ ಅಲೆಗಳ ಪಟ್ಟಿಯಲ್ಲಿ ಬಂದು ಕುಳಿತುಬಿಡುತ್ತದೆ. ಕತ್ತು ನೀವಿದರೆ ಸ್ನಾಯು ಸಡಿಲವಾಗುತ್ತದೆ, ಬೀಟಾ ಇಳಿದಂತೆ ಕಾಣುತ್ತದೆ. ಬದಲಾದದ್ದು ಮಿದುಳೋ ಕತ್ತೋ ಎಂದು ಬಿಡಿಸಿ ಹೇಳಲು ಕಸ ತೆಗೆಯುವ ಕೆಲಸ ಬಹಳ ಇದೆ. ಅದನ್ನು ಮಾಡದೆ ಎರಡೇ ನಿಮಿಷದಲ್ಲಿ ಬಣ್ಣದ ನಕ್ಷೆ ಮುದ್ರಿಸಿದರೆ ಅದಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ಬಣ್ಣವಂತೂ ಯಂತ್ರ ಕೊಟ್ಟದ್ದಲ್ಲ, ನಾವು ಹಚ್ಚಿದ್ದು. ಅಳತೆಪಟ್ಟಿಯನ್ನು ತುಸು ಸರಿಸಿದರೆ ನನ್ನ ಮಿದುಳನ್ನೂ ಈ ಕ್ಷಣದಲ್ಲಿ ಕೆಂಪು ಮಾಡಬಲ್ಲೆ.

ಕೈಗುಣ

ಫಿಸಿಯೋಥೆರಪಿ ಕಲಿತು, ಈಗ ಹೆಚ್ಚಾಗಿ ವಯಸ್ಸಾದವರಿಗೆ ಅಂಗಮರ್ದನ ಮಾಡುವವಳು ನಾನು. ಅಲೆಲೆಕ್ಕ ಅವರ ಮಾತೆಲ್ಲ ಒಪ್ಪಿದೆ. ನಾನು ಯಾರಿಗೂ ಟೋಪಿ ಹಾಕುವುದಿಲ್ಲ. ಆದರೆ ಚಿತ್ರ ಸುಳ್ಳು ಎಂದ ಮಾತ್ರಕ್ಕೆ ಸ್ಪರ್ಶವೂ ಸುಳ್ಳೇ?

ನಮ್ಮ ಕೂದಲಿರುವ ಚರ್ಮದಲ್ಲಿ ಸಿ-ಟ್ಯಾಕ್ಟೈಲ್ ಎಂಬ ತೆಳು ನರತಂತುಗಳಿವೆ. ಸೆಕೆಂಡಿಗೆ ಸುಮಾರು 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಮೃದುವಾಗಿ ಸವರಿದಾಗ ಅವು ಹೆಚ್ಚು ಮಿಡಿಯುತ್ತವೆ, ಜನರು ಅತ್ಯಂತ ಹಿತ ಎಂದು ಹೇಳುವುದೂ ಅದೇ ವೇಗವನ್ನು ಎಂದು 2009ರಲ್ಲಿ ಪ್ರಕಟವಾಯಿತು. ಆ ತಂತುಗಳ ಸುದ್ದಿ ಮಿದುಳಿನ ಇನ್ಸುಲಾ ಎಂಬ ಭಾಗಕ್ಕೆ ಹೋಗುತ್ತದೆ. ಮೈಯೊಳಗೆ ಹೇಗಿದೆ, ನೆಮ್ಮದಿಯೇ ಸಂಕಟವೇ ಎಂಬುದನ್ನು ತೂಗುವ ಜಾಗ ಅದು. ನಮ್ಮ ಕೈಗೆ ಈ ವೇಗ ಸಂಶೋಧನೆ ಬರುವ ಮೊದಲೇ ಗೊತ್ತಿತ್ತು. ಅಳುವ ಮಗುವಿನ ಬೆನ್ನು ಸವರುವಾಗ ಯಾರೂ ಅಳತೆಗೋಲು ಹಿಡಿಯುವುದಿಲ್ಲವಲ್ಲ.

ಸಂಶೋಧನೆಯೂ ಇಲ್ಲವೆಂದಲ್ಲ. ಅಮೆರಿಕದ ಸ್ಪರ್ಶ ಸಂಶೋಧಕಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1996ರಲ್ಲಿ ಕೆಲಸಕ್ಕೆ ಹೋಗುವ ಆರೋಗ್ಯವಂತರಿಗೆ ಕುರ್ಚಿಯಲ್ಲೇ 15 ನಿಮಿಷದ ಮಸಾಜನ್ನು ವಾರಕ್ಕೆರಡು ಸಲ, ಐದು ವಾರ ಮಾಡಿಸಿದರು. ಆತಂಕ ತಗ್ಗಿತು, ಲೆಕ್ಕ ಮಾಡುವ ವೇಗವೂ ನಿಖರತೆಯೂ ಹೆಚ್ಚಿದವು, ಇಇಜಿಯಲ್ಲೂ ಬದಲಾವಣೆ ಕಂಡಿತು. ಅದೇ ತಂಡ 2004ರಲ್ಲಿ ಒತ್ತಡದ ವ್ಯತ್ಯಾಸ ನೋಡಿತು. ಮಧ್ಯಮ ಒತ್ತಡದಲ್ಲಿ ಎದೆಬಡಿತ ಇಳಿದು ಮೈ ಸಡಿಲವಾಯಿತು, ತೀರ ಹಗುರಾಗಿ ಮುಟ್ಟಿದರೆ ತದ್ವಿರುದ್ಧ, ಮೈ ಎಚ್ಚರಗೊಂಡಿತು.

ಸಂಶಯಾತ್ಮ

ನೀವೇ ಹೇಳಿದಿರಿ, ಆರೋಗ್ಯವಂತರಿಗೆ. ಎಂಸಿಐ ಇರುವವರಿಗಲ್ಲ.

ಅದಿರಲಿ, ಆ 1996ರ ಪ್ರಯೋಗದಲ್ಲಿ ಮಸಾಜ್ ಆದವರಲ್ಲಿ ಆಲ್ಫಾ ಇಳಿದಿತ್ತು. ಅದನ್ನು "ಚುರುಕಾದರು" ಎಂದು ಓದಿದರು. ಇನ್ನೊಬ್ಬರ ಪ್ರಯೋಗದಲ್ಲಿ ಆಲ್ಫಾ ಏರಿದರೆ "ಶಾಂತರಾದರು" ಎಂದು ಓದುತ್ತಾರೆ. ಏರಿದರೂ ಗೆಲುವು, ಇಳಿದರೂ ಗೆಲುವು. ಸೋಲೇ ಇಲ್ಲದ ಆಟದಲ್ಲಿ ಗೆದ್ದವರಿಗೆ ಬಹುಮಾನ ಯಾಕೆ?

ಕೈಗುಣ

ಈ ಏಟು ತಗುಲಿತು ಎಂದು ಒಪ್ಪುತ್ತೇನೆ.

ಪ್ರಯೋಗಶಾಲೆಯ ಬೆಕ್ಕು

ಸ್ಮೃತಿಯ ಬಗ್ಗೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿ ನಾನು. ಸಂಶಯಾತ್ಮ ಎತ್ತಿದ ಮಾತನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯುತ್ತೇನೆ, ಏಕೆಂದರೆ ಈ ಚರ್ಚೆಯ ಶೀರ್ಷಿಕೆಯಲ್ಲೇ ಒಂದು ತಪ್ಪು ನಂಬಿಕೆ ಅಡಗಿದೆ. ಚಟುವಟಿಕೆ ಹೆಚ್ಚಿದರೆ ಒಳ್ಳೆಯದು ಎಂಬ ನಂಬಿಕೆ.

ಎಂಸಿಐ ಇರುವವರಿಗೆ ಏನಾದರೂ ನೆನಪಿಡಲು ಹೇಳಿ, ಮಿದುಳು ದುಡಿಯುವುದನ್ನು ಚಿತ್ರಿಸುವ ಎಫ್‌ಎಂಆರ್‌ಐ ತೆಗೆದರೆ ನೆನಪು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗ ಮಂಕಾಗಿರುತ್ತದೆ ಎಂದುಕೊಳ್ಳುತ್ತೇವೆ. ಆದರೆ ಮರೆವೇ ಮುಖ್ಯವಾಗಿರುವ ಎಂಸಿಐಯಲ್ಲಿ ಎಷ್ಟೋ ಸಲ ಅದು ಆರೋಗ್ಯವಂತರಿಗಿಂತ ಹೆಚ್ಚು ಉರಿಯುತ್ತಿರುತ್ತದೆ. ಕಡಿಮೆ ಆದದ್ದನ್ನು ಸರಿದೂಗಿಸಲು ಮಿದುಳು ಹೆಚ್ಚು ದುಡಿಯುತ್ತಿದೆ ಎಂದು ಮೊದಲು ಭಾವಿಸಿದ್ದರು. 2012ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ ಮೂರ್ಛೆರೋಗಕ್ಕೆ ಕೊಡುವ ಲೆವೆಟಿರಾಸೆಟಮ್ ಔಷಧಿಯನ್ನು ಬಹಳ ಕಡಿಮೆ ಪ್ರಮಾಣದಲ್ಲಿ ಇಂಥವರಿಗೆ ಕೊಟ್ಟು ನೋಡಿತು. ಹಿಪೊಕ್ಯಾಂಪಸ್ಸಿನ ಅತಿ ಚಟುವಟಿಕೆ ತಗ್ಗಿತು, ನೆನಪಿನ ಪರೀಕ್ಷೆಯಲ್ಲಿ ಅಂಕ ಹೆಚ್ಚಿತು. ಅಂದರೆ ಆ ಉರಿ ಸಹಾಯವಲ್ಲ, ಗದ್ದಲ. ಇದನ್ನು ಓದಿ ಯಾರೂ ಆ ಮಾತ್ರೆಯ ಹಿಂದೆ ಹೋಗಬೇಡಿ, ಅದು ಚಿಕ್ಕ ಪ್ರಯೋಗ. ನಾನು ಹೇಳುವುದು ಇಷ್ಟೇ: ಎಂಸಿಐ ಇರುವವರ ಮಿದುಳಿನಲ್ಲಿ ಕೆಂಪು ಹೆಚ್ಚಿದೆ ಎಂದರೆ ಸಂತೋಷಪಡಬೇಕೋ ಚಿಂತಿಸಬೇಕೋ ಎಂಬುದು ಎಲ್ಲಿ, ಯಾವ ಕೆಲಸ ಮಾಡುವಾಗ, ಯಾವ ಹಂತದಲ್ಲಿ ಎಂಬುದನ್ನು ಅವಲಂಬಿಸಿದೆ.

ಎಫ್‌ಎಂಆರ್‌ಐ ಅಳೆಯುವುದೂ ನೇರವಾಗಿ ನರಕೋಶಗಳನ್ನಲ್ಲ, ರಕ್ತದ ಆಮ್ಲಜನಕದಲ್ಲಾಗುವ ಬದಲಾವಣೆಯನ್ನು. ಎಚ್ಚರ ತಪ್ಪಿದರೆ ಏನಾಗುತ್ತದೆ ಎಂದು ತೋರಿಸಲು 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಯಂತ್ರದೊಳಗಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿ, ಅವರ ಭಾವನೆ ಏನೆಂದು ಊಹಿಸಲು ಹೇಳಿದರು. ಲೆಕ್ಕದಲ್ಲಿ ಬೇಕಾದ ತಿದ್ದುಪಡಿ ಮಾಡದೆ ಬಿಟ್ಟಾಗ ಮೀನಿನ ಮಿದುಳಿನಲ್ಲೂ "ಚಟುವಟಿಕೆ" ಕಂಡಿತು. 2012ರಲ್ಲಿ ಇದಕ್ಕೆ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಸಿಕ್ಕಿತು.

ಕಿರಿಮಗಳು

ಮೀನಿನ ಕತೆಯನ್ನು ಅಣ್ಣನಿಗೆ ಓದಿ ಹೇಳಿದೆ. ಮೂರು ತಿಂಗಳಲ್ಲಿ ಮೊದಲ ಸಲ ಇಬ್ಬರೂ ಒಟ್ಟಿಗೆ ನಕ್ಕೆವು.

ಒಂದು ವಿಷಯ ಹೇಳಿರಲಿಲ್ಲ. ಹನ್ನೆರಡು ಸಲ ಮುಗಿದಿದೆ. ನಿನ್ನೆ ಅಲ್ಲೇ ಮೋಕಾ ಮತ್ತೆ ಮಾಡಿದರು. 23 ಇದ್ದದ್ದು 26 ಆಗಿದೆ. 26 ಎಂದರೆ ಸಹಜ ಎಂದು ಎಲ್ಲ ಕಡೆ ಬರೆದಿದ್ದಾರೆ. ಇದನ್ನು ಬಣ್ಣದ ಆಟ ಎನ್ನಲು ಬರುವುದಿಲ್ಲವಲ್ಲ?

ಅಲೆಲೆಕ್ಕ

ಎಚ್ಚರಿಸುವುದು ನನಗೂ ಇಷ್ಟವಿಲ್ಲ, ಆದರೂ ಕೇಳುತ್ತೇನೆ. ನೆನಪಿಡಲು ಕೊಟ್ಟ ಐದು ಪದಗಳು ಹಿಂದಿನವೇ ಆಗಿದ್ದವೇ? ಮೋಕಾ 2005ರಲ್ಲಿ ಪ್ರಕಟವಾದದ್ದು, ಅದಕ್ಕೆ ಬೇರೆ ಬೇರೆ ಪದಗಳಿರುವ ಪರ್ಯಾಯ ಪ್ರತಿಗಳಿವೆ. ಇರುವುದೇ ಈ ಕಾರಣಕ್ಕೆ. ಅದೇ ಪ್ರತಿಯನ್ನು ಮತ್ತೆ ಕೊಟ್ಟರೆ ಮರೆವಿರುವವರಿಗೂ ಒಂದಷ್ಟು ಅಭ್ಯಾಸಬಲ ಸಿಗುತ್ತದೆ. ಗಡಿಯಾರ ಬರೆಯುವುದು ಎರಡನೆಯ ಸಲ ಹೊಸದಲ್ಲ, ಕೊಠಡಿಯೂ ಹೊಸದಲ್ಲ. 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುವ ನಿಯಮವೂ ಇದೆ. ಒಂದು ಸಲ ಸೇರಿಸಿ ಇನ್ನೊಂದು ಸಲ ಮರೆತರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಮಾತು. ಎಂಸಿಐ ಬಂದವರೆಲ್ಲ ಇಳಿಜಾರಿನಲ್ಲೇ ಹೋಗುವುದಿಲ್ಲ. ಅಮೆರಿಕದ ನರವಿಜ್ಞಾನ ಅಕಾಡೆಮಿ 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, 65 ದಾಟಿದ ಎಂಸಿಐ ಇರುವವರಲ್ಲಿ ಎರಡು ವರ್ಷದೊಳಗೆ ಮರೆಗುಳಿ ಕಾಯಿಲೆಗೆ ಜಾರಿದವರು ಶೇ 14.9. ಉಳಿದವರಲ್ಲಿ ಬಹಳ ಮಂದಿ ಇದ್ದಲ್ಲೇ ಇರುತ್ತಾರೆ, ಕೆಲವರು ಸಹಜ ಸ್ಥಿತಿಗೆ ಮರಳುತ್ತಾರೆ. ಅಂಥವರು ಆ ಹೊತ್ತಿಗೆ ಏನು ಮಾಡುತ್ತಿದ್ದರೋ ಅದಕ್ಕೆ ಕೀರ್ತಿ ಸಲ್ಲುತ್ತದೆ.

ಹಾಗಾಗಿಯೇ ಒಂದು ಗುಂಪಿಗೆ ನಿಜವಾದ ಕೈಚಿಕಿತ್ಸೆ, ಇನ್ನೊಂದಕ್ಕೆ ಅಷ್ಟೇ ಹೊತ್ತಿನ ತೋರಿಕೆಯ ಸ್ಪರ್ಶ, ಯಾರು ಯಾವ ಗುಂಪು ಎಂದು ತಿಳಿಯದವರಿಂದ ಪರೀಕ್ಷೆ, ಅಳತೆ ಮೇಜಿನಿಂದ ಇಳಿದ ತಕ್ಷಣವಲ್ಲದೆ ತಿಂಗಳುಗಳ ನಂತರವೂ, ಇಷ್ಟೆಲ್ಲ ಬೇಕಾಗುತ್ತದೆ. ತೊಡಕೆಂದರೆ ತೋರಿಕೆಯ ಸ್ಪರ್ಶವೂ ಸ್ಪರ್ಶವೇ. ಮಾತ್ರೆಯ ಬದಲು ಸಕ್ಕರೆ ಗುಳಿಗೆ ಕೊಟ್ಟಷ್ಟು ಸುಲಭವಲ್ಲ.

ಮೇಜಿನ ಮೇಲಿರುವವ

ನೀವೆಲ್ಲ ಚರ್ಚಿಸುತ್ತಿರುವ ವಸ್ತು ನಾನು. 68 ವರ್ಷ, ಎಂಸಿಐ ಎಂದು ಹೆಸರಿಟ್ಟು ಎರಡು ವರ್ಷವಾಯಿತು. ಕರಡು ತಿದ್ದುವುದು ನನ್ನ ವೃತ್ತಿಯಾಗಿತ್ತು, ಇದನ್ನೂ ನಾಲ್ಕು ಸಲ ತಿದ್ದಿದ್ದೇನೆ. ತಪ್ಪು ಉಳಿದಿದ್ದರೆ ಕಾಯಿಲೆಯ ಖಾತೆಗೆ ಬರೆಯಬೇಡಿ, ನಾನು ಮೊದಲೂ ತಪ್ಪು ಬಿಡುತ್ತಿದ್ದೆ.

ಹೆಸರಿಟ್ಟ ದಿನದಿಂದ ಮನೆಯವರೆಲ್ಲ ಪರೀಕ್ಷಕರಾದರು. ಇವತ್ತು ಯಾವ ವಾರ? ನಿನ್ನೆ ಬಂದದ್ದು ಯಾರು, ಹೇಳಿ ನೋಡೋಣ? ಪ್ರೀತಿಯಿಂದಲೇ ಕೇಳುತ್ತಾರೆ. ಉತ್ತರ ತಡವಾದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅದು ನನಗೆ ಕಾಣುತ್ತದೆ, ಕಣ್ಣಿಗೆ ಏನೂ ಆಗಿಲ್ಲ.

ವಾರಕ್ಕೊಮ್ಮೆ ಬೆನ್ನು, ಭುಜ ನೀವಿಸಿಕೊಳ್ಳುತ್ತೇನೆ. ಆ ಮುಕ್ಕಾಲು ಗಂಟೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಮಾಡುವವರಿಗೆ ನನ್ನ ಬೆನ್ನಿನ ಗಂಟು ಎಲ್ಲಿದೆ ಎಂದು ನೆನಪಿರುತ್ತದೆ, ನನಗೆ ನೆನಪಿರಬೇಕಾಗಿಲ್ಲ. ಆ ರಾತ್ರಿ ನಡುವೆ ಏಳದೆ ಮಲಗುತ್ತೇನೆ. ಮರುದಿನ ಪದಗಳು ಹುಡುಕಿಸಿಕೊಳ್ಳದೆ ಬರುತ್ತವೆ, ಒಂದೆರಡು ದಿನ ಅಷ್ಟೇ. ಮಿದುಳಿನಲ್ಲಿ ಏನಾಯಿತೋ ನಾನರಿಯೆ. ಆದರೆ ಯಾರಾದರೂ ಟೋಪಿ ಹಿಡಿದು "ಮೊದಲು ಎಷ್ಟಿತ್ತು, ಈಗ ಎಷ್ಟಾಯಿತು" ಎಂದು ಅಲ್ಲಿಗೂ ಬಂದರೆ ಆ ಕೊಠಡಿಯೂ ಪರೀಕ್ಷೆಯ ಕೊಠಡಿಯಾಯಿತು. ಮಗಳೇ, ನಿನ್ನ ಅಪ್ಪನಿಗೆ ಇಷ್ಟವಾಗಿರುವುದು ಟೋಪಿಯೋ ಕೈಯೋ, ಅವರನ್ನೇ ಕೇಳಿ ನೋಡು.

ಸಂಶಯಾತ್ಮ

ಮೇಲಿನ ಹಿರಿಯರ ಮಾತಿಗೆ ನನ್ನ ತಕರಾರಿಲ್ಲ. ನಿದ್ದೆಗೆ, ನೋವಿಗೆ, ನೆಮ್ಮದಿಗೆ ಎಂದು ನೀವಿಸಿಕೊಳ್ಳುವವರನ್ನು ನಾನು ಯಾವತ್ತೂ ಬೈದವನಲ್ಲ.

ನನ್ನ ಸಿಟ್ಟಿಗೆ ಕಾರಣ ಬೇರೆ. ಅಮ್ಮನ ವಿಷಯದಲ್ಲಿ ನಾವು ಎರಡು ವರ್ಷ ಇಂಥದ್ದೇ ಒಂದರ ಹಿಂದೆ ಹೋದೆವು. ಪ್ರತಿ ತಿಂಗಳೂ ಒಂದು ನಕ್ಷೆ, ಪ್ರತಿ ನಕ್ಷೆಯಲ್ಲೂ "ಸುಧಾರಣೆ". ನಕ್ಷೆ ಚೆನ್ನಾಗಿ ಬರುತ್ತಿದೆಯೆಂದು ಬೇರೆ ಏನನ್ನೂ ನೋಡಲಿಲ್ಲ. ಕೊನೆಗೆ ಕಿವಿ ಪರೀಕ್ಷೆ ಮಾಡಿಸಿದರೆ ಅವರಿಗೆ ನಮ್ಮ ಮಾತು ಅರ್ಧವೂ ಕೇಳಿಸುತ್ತಿರಲಿಲ್ಲ. ಕೇಳಿಸದ್ದನ್ನು ನೆನಪಿಡುವುದು ಹೇಗೆ? ಆ ಎರಡು ವರ್ಷವನ್ನು ಯಾರಿಂದ ವಸೂಲಿ ಮಾಡಲಿ?

ಹೊಸ ಓದುಗ

ಎಲ್ಲರೂ ಇಷ್ಟು ನಿರಾಶರಾಗಬೇಕಿಲ್ಲ! 2025ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳು ಮುಖ ಮತ್ತು ಕತ್ತಿನ ಚರ್ಮದ ಮೇಲೆ ಹದವಾಗಿ ಒತ್ತಿ ಸವರಿದರೆ ಮಿದುಳಿನ ಸುತ್ತ ಇರುವ ದ್ರವ ಹೆಚ್ಚು ವೇಗವಾಗಿ ಹೊರಹರಿಯುತ್ತದೆ ಎಂದು ತೋರಿಸಿದ್ದಾರೆ. ಆ ದ್ರವವೇ ಮಿದುಳಿನ ಕಸ ಸಾಗಿಸುವುದು. ಮುಪ್ಪಿನಲ್ಲೂ ಕೆಲಸ ಮಾಡಿತಂತೆ.

ಪ್ರಯೋಗಶಾಲೆಯ ಬೆಕ್ಕು

ಇಲಿಗಳ ಮುಪ್ಪಿನಲ್ಲಿ. ಒಳ್ಳೆಯ ಕೆಲಸ, ನಾನೂ ಕುತೂಹಲದಿಂದ ಓದಿದೆ. ಚರ್ಮದ ಕೆಳಗಿನ ದುಗ್ಧನಾಳಗಳು ಆ ದ್ರವವನ್ನು ಸಾಗಿಸುವ ದಾರಿ ಚೆಂದವಾಗಿ ಬಿಡಿಸಿದ್ದಾರೆ. ಆದರೆ ದ್ರವ ಹೊರಗೆ ಹರಿಯಿತು ಎಂಬುದಕ್ಕೂ ಅಪ್ಪನಿಗೆ ಬೆಳಗಿನ ಫೋನ್ ನೆನಪಾಯಿತು ಎಂಬುದಕ್ಕೂ ನಡುವೆ ಇನ್ನೂ ಕಟ್ಟದ ಸೇತುವೆಗಳು ಹಲವಿವೆ. (ಬೆಕ್ಕಿನ ಹೆಸರಿಟ್ಟುಕೊಂಡು ಇಲಿಯ ಬಗ್ಗೆ ಪಕ್ಷಪಾತ ಎನ್ನಬೇಡಿ.)

ಕೈಗುಣ

ಕಿರಿಮಗಳು ಅವರೇ, ಮುಂದುವರಿಸುವುದಾದರೆ ನನ್ನ ಕಸುಬಿನ ಕಡೆಯಿಂದ ಕೆಲವು ಎಚ್ಚರಿಕೆ. ಇದನ್ನು ಹೇಳದ ಚಿಕಿತ್ಸಕರ ಹತ್ತಿರ ಹೋಗಬೇಡಿ.

ಕತ್ತನ್ನು ಫಕ್ಕನೆ ತಿರುಗಿಸಿ ಲಟಕ್ಕೆನ್ನಿಸುವುದು ಬೇಡವೇ ಬೇಡ. ಕತ್ತಿನ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆದ ಪ್ರಸಂಗಗಳಿವೆ. ಅಪರೂಪ, ಆದರೆ ಬಂದರೆ ಮರಳಿ ಬಾರದ ನಷ್ಟ. ಗಂಟಲಿನ ಪಕ್ಕ ನಾಡಿ ಮಿಡಿಯುವ ಜಾಗವನ್ನು ಒತ್ತಬಾರದು, ವಯಸ್ಸಾದವರಲ್ಲಿ ಎದೆಬಡಿತ ದಿಢೀರನೆ ಇಳಿದು ತಲೆ ಸುತ್ತಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮೂಳೆ ಸವೆದಿದ್ದರೆ ಮೊದಲೇ ತಿಳಿಸಿ, ಒತ್ತಡ ಕಡಿಮೆ ಮಾಡಬೇಕು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ನೀವಬಾರದು, ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಆಮೇಲೆ, ಪ್ರತಿ ಸಲವೂ ಅವರ ಒಪ್ಪಿಗೆ ಕೇಳಬೇಕು. ಮಗಳು ಹೌದೆಂದರೆ ಸಾಲದು.

ಗುಳಿಗೆಪೆಟ್ಟಿಗೆ

ಔಷಧಿ ವಿತರಕಿ ನಾನು, ಇದುವರೆಗೆ ಸುಮ್ಮನೆ ಓದುತ್ತಿದ್ದೆ. ಕಿರಿಮಗಳು, ನಿಮ್ಮ ತಂದೆಯವರು ನಿದ್ದೆಗೆಂದು ಅಥವಾ ಅಲರ್ಜಿಗೆಂದು ರಾತ್ರಿ ಏನಾದರೂ ತೆಗೆದುಕೊಳ್ಳುತ್ತಾರೆಯೇ?

ಕೇಳುವುದಕ್ಕೆ ಕಾರಣವಿದೆ. ಡೈಫೆನ್‌ಹೈಡ್ರಮಿನ್, ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಅಲರ್ಜಿ ಮಾತ್ರೆಗಳು, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ಅಮಿಟ್ರಿಪ್ಟಿಲಿನ್, ಇವೆಲ್ಲ ಅಸಿಟೈಲ್‌ಕೋಲಿನ್ ಎಂಬ ನರವಾಹಕಕ್ಕೆ ಅಡ್ಡ ನಿಲ್ಲುತ್ತವೆ. ಅದೇ ಅಸಿಟೈಲ್‌ಕೋಲಿನ್ ಉಳಿಸಲೆಂದು ಆಲ್ಜೈಮರ್ ಇರುವವರಿಗೆ ಡೊನೆಪೆಜಿಲ್ ಕೊಡುತ್ತಾರೆ. ಒಂದು ಕೈಯಿಂದ ತುಂಬಿ ಇನ್ನೊಂದರಿಂದ ಚೆಲ್ಲಿದಂತೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಸಂಶಯಾತ್ಮ ಹೇಳಿದ ಕಿವಿ, ಇವನ್ನೆಲ್ಲ ನೋಡಿದ್ದಾರೆಯೇ? ಅಲೆಲೆಕ್ಕ ಹೇಳಿದ ಆ 2018ರ ಮಾರ್ಗಸೂಚಿಯೇ ವಾರಕ್ಕೆ ಎರಡು ಸಲ ವ್ಯಾಯಾಮ ಶಿಫಾರಸು ಮಾಡುತ್ತದೆ. ಮೇಜಿಗೆ ಹೋಗುವ ದಿನ ನಡೆದುಕೊಂಡೇ ಹೋಗಲಿ.

ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಪೆಟ್ಟಿಗೆಯನ್ನು ಹಾಗೇ ವೈದ್ಯರ ಮುಂದಿಡಿ.

ಕಿರಿಮಗಳು

ಐದು ವಾರದ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ.

ಅಪ್ಪನನ್ನು ಕೇಳಿದೆ. "ಆ ಟೋಪಿ ಹಾಕಿದರೆ ತಲೆಯೆಲ್ಲ ಅಂಟು, ನನಗೆ ಬೇಡ. ಭುಜ ಒತ್ತುವ ಹುಡುಗ ಒಳ್ಳೆಯವನು" ಎಂದರು. ಕೇಂದ್ರದವರಿಗೆ ಅಳತೆ ಬೇಡ ಎಂದು ಹೇಳಿದೆ, ಅಳತೆಯಿಲ್ಲದೆ ಮಾಡುವುದಿಲ್ಲ ಎಂದರು. ಈಗ ಬೇರೆ ಕಡೆ ವಾರಕ್ಕೊಮ್ಮೆ ಹೋಗುತ್ತಿದ್ದೇವೆ. ಕತ್ತು ತಿರುಗಿಸುವುದಿಲ್ಲ ಎಂದು ಅವರೇ ಮೊದಲು ಹೇಳಿದರು.

ಐದು ಪದಗಳು ಹಿಂದಿನವೇ ಆಗಿದ್ದವು. ನರರೋಗ ತಜ್ಞರು ಆರು ತಿಂಗಳ ನಂತರ ಬೇರೆ ಪ್ರತಿಯಲ್ಲಿ ಪರೀಕ್ಷಿಸುವುದಾಗಿ ಹೇಳಿದ್ದಾರೆ. ಹೌದು, ಅಲರ್ಜಿ ಮಾತ್ರೆ ಇತ್ತು, ಹಳೆಯ ಬಗೆಯದೇ, ನಾಲ್ಕು ವರ್ಷಗಳಿಂದ. ಅವರು ಅದನ್ನು ಬದಲಿಸಿದ್ದಾರೆ. ವ್ಯತ್ಯಾಸವಾಗಿದೆಯೇ ಎಂದು ಕೇಳಬೇಡಿ, ದಿನಕ್ಕೊಂದು ಥರ ಅನ್ನಿಸುತ್ತದೆ. ಯಾವ ವಾರ ಎಂದು ಕೇಳುವುದನ್ನು ನಾನೂ ಅಣ್ಣನೂ ಬಿಟ್ಟಿದ್ದೇವೆ.

ಮೇಜಿನ ಮೇಲಿರುವವ

ನನ್ನ ಪೆಟ್ಟಿಗೆಯಲ್ಲೂ ರಾತ್ರಿಯ ಮಾತ್ರೆಯೊಂದಿದೆ, ಯಾವಾಗಿನಿಂದ ಎಂದು ನೆನಪಿಲ್ಲ. ಹೆಸರು ಬರೆದರೆ ನೋಡುತ್ತೀರಾ, ಗುಳಿಗೆಪೆಟ್ಟಿಗೆಯವರೇ?

ಗುಳಿಗೆಪೆಟ್ಟಿಗೆ

ಬರೆಯಿರಿ. ರಾತ್ರಿಯದ್ದು ಒಂದೇ ಅಲ್ಲ, ಎಲ್ಲವನ್ನೂ ಬರೆಯಿರಿ. ಹಾಳೆಯ ಹಿಂಭಾಗದ ಸಣ್ಣ ಅಕ್ಷರ ನೋಡಿ ಬರೆಯಿರಿ, ಮುಂಭಾಗದ ದೊಡ್ಡ ಹೆಸರು ಕಂಪನಿಯದ್ದು.